ಮುಖ ಮುಚ್ಚಿಕೊಂಡು ಬಂದವರು ಅಧಿಕಾರಿಗಳೇ ಅಂತ ತಿಳಿಯುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಅಪ್ಪ ವಿಸಿಟರ್ ವೀಸಾದಲ್ಲಿ ಹಾಸನದಿಂದ ಬಂದಿದ್ದಾರೆ. ದಿನಾ ಬೆಳಿಗ್ಗೆ ಒಬ್ಬರೇ ವಾಕಿಂಗ್ ಹೋಗುತ್ತಾರೆ. ಮಾಸ್ಕ್ ಹಾಕಿಕೊಂಡ ವಲಸೆ ಅಧಿಕಾರಿಗಳ ವಿಡಿಯೊ ನೋಡಿದಾಗಿನಿಂದ ಅಮ್ಮನಿಗೆ ನಿದ್ದೆ ಇಲ್ಲ. ಬ್ಯಾಡ್ಜ್ ಕಾಣಿಸಲೇಬೇಕು ಅಂತ ಇಲ್ಲಿ ಕಾನೂನು ಬಂದಿದೆಯಂತಲ್ಲ, ನಿಜವಾ?

ಉತ್ತರ: ನಿಜ. ಆದರೆ ಅದು ಒಂದಲ್ಲ, ಎರಡು ಕಾನೂನು. 2025ರ ಸೆಪ್ಟೆಂಬರ್‌ನಲ್ಲಿ ಗವರ್ನರ್ ನ್ಯೂಸಮ್ ಎರಡಕ್ಕೂ ಸಹಿ ಹಾಕಿದರು. ಎಸ್‌ಬಿ 627 ಮಾಸ್ಕ್ ಬೇಡ ಅನ್ನುತ್ತದೆ. ಎಸ್‌ಬಿ 805 ಪ್ರಕಾರ, ಮಫ್ತಿಯಲ್ಲಿರುವವರೂ ಇಲಾಖೆಯ ಹೆಸರಿನ ಜೊತೆ ತಮ್ಮ ಹೆಸರು ಇಲ್ಲವೇ ಬ್ಯಾಡ್ಜ್ ನಂಬರ್ ಕಾಣುವಂತೆ ಹಾಕಿಕೊಳ್ಳಬೇಕು. ಗುಪ್ತ ಕಾರ್ಯಾಚರಣೆಯಂಥ ಕೆಲಸಕ್ಕೆ ವಿನಾಯಿತಿ ಇದೆ.

ವಲಸೆ ಅಧಿಕಾರಿಗಳು ಅಮೆರಿಕದ ಕೇಂದ್ರ ಸರ್ಕಾರದವರು. ಆ ಸರ್ಕಾರ ನವೆಂಬರ್‌ನಲ್ಲೇ ಕೋರ್ಟಿಗೆ ಹೋಯಿತು. ನಮ್ಮ ಅಧಿಕಾರಿ ಹೇಗೆ ಕೆಲಸ ಮಾಡಬೇಕು ಅಂತ ರಾಜ್ಯ ಹೇಳುವ ಹಾಗಿಲ್ಲ ಅನ್ನುವುದು ಅದರ ವಾದ. 2026ರ ಫೆಬ್ರವರಿಯಲ್ಲಿ ನ್ಯಾಯಾಧೀಶೆ ಕ್ರಿಸ್ಟಿನಾ ಸ್ನೈಡರ್, ಮಾಸ್ಕ್ ನಿಷೇಧವನ್ನು ಕೇಂದ್ರದವರ ಮಟ್ಟಿಗೆ ತಡೆದರು. ಕಾರಣ ನೋಡಿ: ಆ ಕಾನೂನು ರಾಜ್ಯದ ಸ್ವಂತ ಪೊಲೀಸರನ್ನೇ ಹೊರಗಿಟ್ಟಿತ್ತು. ತನ್ನವರಿಗೊಂದು, ಬೇರೆಯವರಿಗೊಂದು ನಿಯಮ ಆಗಬಾರದಲ್ವಾ? ಇದು ಬರೆದವರ ತಪ್ಪು, ನನಗೆ ಈಗಲೂ ಬೇಸರವಿದೆ. ಗುರುತಿನ ಕಾನೂನು ಎಲ್ಲರಿಗೂ ಒಂದೇ ಆಗಿದ್ದರಿಂದ ಅದನ್ನು ಅವರು ತಡೆಯಲಿಲ್ಲ. ಆಮೇಲೆ ವಿಷಯ ಮೇಲಿನ ಕೋರ್ಟಿಗೆ ಹೋಯಿತು. ಹಾಗಾಗಿ ಆ ಕಾನೂನಿನ ಹೆಸರು ಹೇಳಿ ರಸ್ತೆಯಲ್ಲಿ ವಾದಕ್ಕೆ ಇಳಿಯುವುದು ಬೇಡ.

ಪ್ರಶ್ನೆ: ಅಧಿಕಾರಿಗಳ ಮನೆಯವರಿಗೆ ಬೆದರಿಕೆ ಬರುತ್ತದೆ, ಅದಕ್ಕೇ ಮಾಸ್ಕ್ ಅನ್ನುತ್ತಾರಲ್ಲ ಸರ್?

ಉತ್ತರ: ಆ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಬ್ಯಾಡ್ಜ್ ನಂಬರ್ ನೋಡಿದವರಿಗೆ ಮನೆ ವಿಳಾಸ ಸಿಗುವುದಿಲ್ಲ, ದೂರು ಕೊಡಲು ಒಂದು ಗುರುತು ಮಾತ್ರ ಸಿಗುತ್ತದೆ. ಗುರುತೇ ಬೇಡ ಅಂದರೆ ವೇಷಧಾರಿಗಳಿಗೆ ದಾರಿ ಸಲೀಸು. 2025ರ ಜೂನ್‌ನಲ್ಲಿ ಮಿನ್ನೆಸೋಟಾದ ಶಾಸಕಿ ಮೆಲಿಸ್ಸಾ ಹಾರ್ಟ್‌ಮನ್ ಮತ್ತು ಅವರ ಗಂಡನನ್ನು ಕೊಂದವನು ಮನೆ ಬಾಗಿಲಿಗೆ ಬಂದದ್ದು ಪೊಲೀಸ್ ವೇಷದಲ್ಲೇ. ಭಾರತದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಡಿ.ಕೆ. ಬಸು ಪ್ರಕರಣದಲ್ಲಿ 1996ರಲ್ಲೇ ಹೇಳಿತ್ತು: ಬಂಧಿಸುವ ಪೊಲೀಸರು ಹೆಸರು, ಹುದ್ದೆ ಸ್ಪಷ್ಟವಾಗಿ ಕಾಣುವ ಫಲಕ ಹಾಕಿಕೊಂಡಿರಬೇಕು.

ಪ್ರಶ್ನೆ: ಅಪ್ಪನನ್ನು ನಿಲ್ಲಿಸಿಬಿಟ್ಟರೆ?

ಉತ್ತರ: ಓಡಬಾರದು, ಕೈ ಕಾಣುವಂತಿರಲಿ. ‘ನೀವು ಯಾವ ಇಲಾಖೆ? ನಾನು ಹೋಗಬಹುದಾ?’ ಈ ಎರಡು ಮಾತನ್ನು ಇಂಗ್ಲಿಷಿನಲ್ಲಿ ಅವರಿಗೆ ಕಲಿಸಿಬಿಡಿ. ಬಂಧಿಸುವ ವಲಸೆ ಅಧಿಕಾರಿ, ಅಪಾಯವಿಲ್ಲ ಅನ್ನಿಸಿದ ಕೂಡಲೇ, ತಾನು ವಲಸೆ ಅಧಿಕಾರಿ ಅಂತಲೂ ಯಾಕೆ ಬಂಧಿಸುತ್ತಿದ್ದೇನೆ ಅಂತಲೂ ಹೇಳಬೇಕು. ಇದು ಕೇಂದ್ರದ್ದೇ ಹಳೆಯ ನಿಯಮ, ರಾಜ್ಯದ ಜಗಳಕ್ಕೂ ಇದಕ್ಕೂ ಸಂಬಂಧವಿಲ್ಲ. ಬಂದವರು ಅಧಿಕಾರಿಗಳೇ ಅಂತ ಅನುಮಾನವಾದರೆ ಹತ್ತಿರ ಇದ್ದವರು ತುರ್ತು ಸಹಾಯದ ನಂಬರ್ 911ಕ್ಕೆ ಫೋನ್ ಮಾಡಬಹುದು. ದೂರ ನಿಂತು ವಿಡಿಯೊ ಮಾಡುವುದೂ ತಪ್ಪಲ್ಲ, ಕೆಲಸಕ್ಕೆ ಅಡ್ಡ ಬರಬಾರದು ಅಷ್ಟೇ.

ಇನ್ನೊಂದು, ಐ-94 (ಅಮೆರಿಕಕ್ಕೆ ಬಂದದ್ದು ಯಾವಾಗ, ಎಲ್ಲಿಯವರೆಗೆ ಇರಬಹುದು ಅನ್ನುವ ದಾಖಲೆ) ಪ್ರಿಂಟ್ ತೆಗೆದು ಪಾಸ್‌ಪೋರ್ಟ್ ಜೊತೆ ಅವರ ಜೇಬಿನಲ್ಲಿಡಿ. ನಿಮ್ಮ ಫೋನ್ ನಂಬರನ್ನು ಚೀಟಿಯಲ್ಲಿ ಬರೆದು ಅದರ ಜೊತೆಗೇ ಇಡಿ. ಮೊಬೈಲ್ ಕಿತ್ತುಕೊಂಡರೆ ನಂಬರ್ ನೆನಪಿರುವುದಿಲ್ಲ. ವಾಕಿಂಗ್ ಮಾತ್ರ ನಿಲ್ಲಿಸಬೇಡಿ.