180 ಲೀಟರ್ ಕಡಲ ಟ್ಯಾಂಕಿಗೆ ಯಾವ ಬಸವನಹುಳು, ಎಷ್ಟು?

ಪ್ರಶ್ನೆ (ಬೆಂಗಳೂರಿನಿಂದ)

ಎಲ್ಲರಿಗೂ ನಮಸ್ಕಾರ. ವಿಜಯನಗರದ ಮನೆಯಲ್ಲಿ ಮೂರಡಿ ಉದ್ದದ ಉಪ್ಪುನೀರಿನ ಟ್ಯಾಂಕ್ ಶುರು ಮಾಡಿ ಹತ್ತು ವಾರ ಆಯ್ತು. ಸುಮಾರು 180 ಲೀಟರ್. ಎರಡು ಕ್ಲೌನ್ ಮೀನು, ಒಂದಷ್ಟು ಜೊವಾಂತಿಡ್, ಒಂದು ಲೆದರ್ ಕೋರಲ್ (ಎರಡೂ ಹವಳದಂಥ ಜೀವಿಗಳು) ಇವೆ. ಉಪ್ಪಿನ ಅಳತೆ (ಸಾಪೇಕ್ಷ ಸಾಂದ್ರತೆ) 1.025, ನೀರು 26 ಡಿಗ್ರಿ, ನೈಟ್ರೇಟ್ 10, ಫಾಸ್ಫೇಟ್ 0.08. ಮೂರು ವಾರದಿಂದ ಮರಳಿನ ಮೇಲೆ ಕಾಫಿಪುಡಿ ಉದುರಿಸಿದ ಹಾಗೆ ಕಂದು ಪದರ. ಗಾಜು ಒರೆಸಿದರೆ ಮರುದಿನಕ್ಕೆ ಮತ್ತೆ ಮಬ್ಬು. ಬಂಡೆಯ ಒಂದು ಮೂಲೆಯಲ್ಲಿ ಕೂದಲಿನಂಥ ಹಸಿರು ಪಾಚಿಯೂ ಕಾಣಿಸ್ತಿದೆ.

ಅಂಗಡಿಯವರು 'ಕ್ಲೀನಪ್ ಕ್ರೂ' ಅಂತ, ಪಾಚಿ ತಿಂದು ಟ್ಯಾಂಕ್ ಶುಚಿ ಮಾಡುವ 40 ಜೀವಗಳ ಪ್ಯಾಕ್ ತಗೊಳ್ಳಿ ಅಂದ್ರು: 20 ಹರ್ಮಿಟ್ ಏಡಿ (ಖಾಲಿ ಚಿಪ್ಪಿನಲ್ಲಿ ವಾಸ ಮಾಡೋ ಏಡಿ), 20 ಬಸವನಹುಳು. ಮಗಳಿಗೆ ಏಡಿ ಅಂದ್ರೆ ಪ್ರಾಣ. ತಗೊಳ್ಳಲಾ? ದುಡ್ಡಿನ ಮಾತಲ್ಲ, ತಂದು ಸಾಯಿಸಿಬಿಟ್ಟರೆ ಅನ್ನೋ ಭಯ ನನಗೆ.

ಉತ್ತರ 1 (ಮೈಸೂರಿನಿಂದ)

ಸರ್, ದಯವಿಟ್ಟು ಆ ಪ್ಯಾಕ್ ಬೇಡ. ನಿಮ್ಮ ಕಾಫಿಪುಡಿ ಡಯಾಟಮ್, ಅಂದ್ರೆ ಕಂದು ಬಣ್ಣದ ಸೂಕ್ಷ್ಮ ಪಾಚಿ. ಹೊಸ ಟ್ಯಾಂಕಿನಲ್ಲಿ ಬರೋದೇ, ನೀರಿನಲ್ಲಿರೋ ಸಿಲಿಕಾ ಮುಗಿದಂತೆ ತಾನೇ ಇಳಿಯುತ್ತೆ. ಬೋರ್‌ವೆಲ್ ನೀರನ್ನು ಬರೀ ಆರ್‌ಓ ಮಾಡಿ ಹಾಕ್ತಿದ್ದರೆ ಸಿಲಿಕಾ ಸ್ವಲ್ಪ ನುಸುಳಿ ಬರುತ್ತೆ, ಅದನ್ನು ಹಿಡಿದಿಡೋ ಡಿಐ ರೆಸಿನ್ ಫಿಲ್ಟರ್ ಬೇಕು. ಮೊದಲು ಉಪ್ಪು ಬೆರೆಸದ ಆ ನೀರಿಗೆ ಟಿಡಿಎಸ್ ಮೀಟರ್ (ನೀರಲ್ಲಿ ಕರಗಿದ ಲವಣ ಅಳೆಯೋದು) ಅದ್ದಿ ನೋಡಿ. ಸೊನ್ನೆ ಬರಬೇಕು. ಈಗ 40 ಜೀವ ಬಿಟ್ಟರೆ ಎರಡೇ ವಾರದಲ್ಲಿ ಎಲ್ಲ ನೆಕ್ಕಿ ಮುಗಿಸ್ತವೆ, ಆಮೇಲೆ ಹಸಿವಿನಿಂದ ಒಂದೊಂದಾಗಿ ಸಾಯ್ತವೆ. ಸತ್ತ ಹುಳು ಚಿಪ್ಪಿನೊಳಗೇ ಕೊಳೆತು ಅಮೋನಿಯಾ ಏರುತ್ತೆ.

ನಾನಾಗಿದ್ದರೆ ನಾಲ್ಕು ಟ್ರೋಕಸ್, ಐದು ಸೆರಿತ್ ಜಾತಿಯ ಬಸವನಹುಳು. ಅಷ್ಟೇ. ಟ್ರೋಕಸ್ ಗಾಜು, ಬಂಡೆ ಎರಡನ್ನೂ ಉಜ್ಜುತ್ತೆ. ಅದಕ್ಕಿಂತ ಮುಖ್ಯ, ಮಗುಚಿ ಬಿದ್ದರೆ ತಾನೇ ಎದ್ದುಕೊಳ್ಳುತ್ತೆ. ಆಸ್ಟ್ರಿಯಾ ಅನ್ನೋ ಇನ್ನೊಂದು ಜಾತಿಯ ಹುಳುವಿಗೆ ಅದು ಆಗೋದಿಲ್ಲ. ನನ್ನ ಮೊದಲ ಟ್ಯಾಂಕಿನಲ್ಲಿ ಆರು ಆಸ್ಟ್ರಿಯಾ ಇದ್ದವು, ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲು ಅವನ್ನು ಎತ್ತಿ ನಿಲ್ಲಿಸೋದೇ ಕೆಲಸ. ಮೂರು ದಿನ ಮದುವೆಗೆ ಅಂತ ಊರಿಗೆ ಹೋಗಿ ಬಂದಾಗ ನಾಲ್ಕು ಚಿಪ್ಪು ಖಾಲಿ. ಒಂದರೊಳಗೆ ನೀಲಿ ಕಾಲಿನ ಹರ್ಮಿಟ್ ಆಗಲೇ ಸಂಸಾರ ಹೂಡಿತ್ತು. ಆ ಏಡಿಗಳು ಪಾಚಿ ತಿಂತವೆ ನಿಜ, ಆದ್ರೆ ಬೆಳೆದಂತೆ ದೊಡ್ಡ ಚಿಪ್ಪು ಬೇಕು. ಸಿಗದಿದ್ದರೆ ಹುಳುವನ್ನೇ ಕೊಂದು ಕಿತ್ಕೊಳ್ತವೆ. ಮಗಳಿಗಾಗಿ ಎರಡು ತನ್ನಿ, ಜೊತೆಗೆ ಬೇರೆ ಬೇರೆ ಅಳತೆಯ ಏಳೆಂಟು ಖಾಲಿ ಚಿಪ್ಪು ಮರಳಿನ ಮೇಲೆ ಹಾಕಿಡಿ. ಅಪಾಯ ಕಮ್ಮಿಯಾಗುತ್ತೆ, ಪೂರ್ತಿ ಹೋಗಲ್ಲ.

ಸೆರಿತ್ ಹಗಲು ಮರಳಲ್ಲಿ ಹೂತ್ಕೊಂಡಿರುತ್ತೆ, ರಾತ್ರಿ ಹೊರಗೆ ಬರುತ್ತೆ. ನಸ್ಸಾರಿಯಸ್ ಅನ್ನೋ ಹುಳುವನ್ನೂ ಪಾಚಿಗೆ ಅಂತಲೇ ಮಾರ್ತಾರೆ, ಅದು ಪಾಚಿ ಮುಟ್ಟೋದೇ ಇಲ್ಲ. ಅದಕ್ಕೆ ಬೇಕಾದ್ದು ಮೀನು ಬಿಟ್ಟ ಆಹಾರ. ನೀರಿಗೆ ಒಂದು ಚೂರು ಮೈಸಿಸ್ (ಮೀನಿಗೆ ಹಾಕುವ ಪುಟ್ಟ ಸೀಗಡಿ) ಬಿದ್ದರೆ ಸಾಕು, ಮರಳಿನಿಂದ ಪುಟ್ಟ ಸೊಂಡಿಲುಗಳು ಮೇಲೇಳ್ತವೆ, ಹಿಂದೆಯೇ ಇಡೀ ಹುಳು ನುಗ್ಗಿ ಬರುತ್ತೆ. ನೋಡೋಕೆ ಬಲು ಚೆಂದ. ಆದ್ರೆ ಎರಡು ಮೀನಿಗೆ ಈಗಲೇ ಬೇಡ.

ತಂದ ಮೇಲೆ ಅವಸರ ಮಾಡಬೇಡಿ. ಅಂಗಡಿ ನೀರಲ್ಲಿ ಉಪ್ಪು ಕಮ್ಮಿ ಇರಬಹುದು, ಅಳೆದು ನೋಡಿ. ಸಣ್ಣ ಪೈಪಿಗೆ ಗಂಟು ಹಾಕಿ ಹನಿಹನಿಯಾಗಿ ಒಂದು ಗಂಟೆಯಾದರೂ ನಿಮ್ಮ ನೀರು ಬಿಡಿ. ಮೀನು ತಡೆದುಕೊಳ್ಳೋ ವ್ಯತ್ಯಾಸವನ್ನು ಹುಳು ತಡೆಯಲ್ಲ. ಇನ್ನೊಂದು ಮಾತು, ಮುಂದೆ ಮೀನಿಗೆ ಬಿಳಿ ಚುಕ್ಕೆ ರೋಗ ಬಂದರೆ ತಾಮ್ರದ ಔಷಧಿಯನ್ನು ಈ ಟ್ಯಾಂಕಿಗೆ ಹಾಕಲೇಬೇಡಿ. ಹುಳು, ಏಡಿ, ಹವಳ ಒಂದೂ ಉಳಿಯಲ್ಲ.

ಉತ್ತರ 2 (ಮಂಗಳೂರಿನಿಂದ)

ಮೈಸೂರಿನ ಮೇಡಂ ಹೇಳಿದ್ದು ಸರಿ. ನಾನು ಬೇರೊಂದು ಎಚ್ಚರಿಕೆ ಹೇಳ್ತೇನೆ. ನಮ್ಮ ಸೋಮೇಶ್ವರ ಕಡಲತೀರದ ಬಂಡೆಗಳಲ್ಲಿ ಹುಳು ಎಷ್ಟು ಬೇಕಾದರೂ ಸಿಗ್ತದೆ, ಪುಕ್ಕಟೆ ಅಂತ ಒಮ್ಮೆ ತಂದು ಬಿಟ್ಟಿದ್ದೆ. ಅರ್ಧದಷ್ಟು ನೀರು ಬಿಟ್ಟು ಮೇಲೆ ಹತ್ತಿ, ಟ್ಯಾಂಕಿನ ಹಿಂದೆ ಬಿದ್ದು ಒಣಗಿದವು. ಉಬ್ಬರ-ಇಳಿತದ ಅಂಚಲ್ಲಿ ಬದುಕುವ ಜಾತಿಗೆ ಅದೇ ಅಭ್ಯಾಸ. ಉಳಿದವುಗಳಲ್ಲಿ ಒಂದು ಬೇಟೆಯ ಜಾತಿ. ಟ್ರೋಕಸ್ ಚಿಪ್ಪಿನಲ್ಲಿ ಸೂಜಿಯಿಂದ ಕೊರೆದ ಹಾಗೆ ದುಂಡಗಿನ ತೂತು, ಒಳಗೆ ಏನೂ ಇಲ್ಲ. ಕೋನ್ ಜಾತಿಯದ್ದು ಕೈಗೆ ಸಿಕ್ಕರಂತೂ ವಿಷದ ಮುಳ್ಳು ಚುಚ್ಚುತ್ತದೆ, ಮಕ್ಕಳಿರುವ ಮನೆಗೆ ಬೇಡವೇ ಬೇಡ.

ಮರಳು ಶುದ್ಧ ಮಾಡ್ತದೆ ಅಂತ ಯಾರಾದರೂ ಸಮುದ್ರ ಸೌತೆ (ಸೌತೆಕಾಯಿ ಆಕಾರದ ಕಡಲ ಪ್ರಾಣಿ) ಕೊಡಲು ಬಂದರೆ ಬೇಡ ಅನ್ನಿ. 2001ರಿಂದ ಅದರ ಎಲ್ಲ ಜಾತಿಗಳಿಗೂ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಗಟ್ಟಿ ಹವಳಕ್ಕೂ ಹಾಗೆಯೇ.

ಉತ್ತರ 3 (ಡಲ್ಲಾಸ್‌ನಿಂದ)

ಕೂದಲು ಪಾಚಿಗೆ ಟರ್ಬೋ ಅನ್ನೋ ದೊಡ್ಡ ಬಸವನಹುಳು ತರಬೇಕು ಅನಿಸಬಹುದು. ತಿನ್ನೋದ್ರಲ್ಲಿ ಅದನ್ನು ಮೀರಿಸೋರಿಲ್ಲ, ಆದ್ರೆ ಬುಲ್ಡೋಜರ್ ಥರ ಹವಳದ ತುಂಡುಗಳನ್ನು ಉರುಳಿಸುತ್ತೆ. ಮೆಕ್ಸಿಕನ್ ಟರ್ಬೋ ತಣ್ಣೀರಿನದು, ನಿಮ್ಮ ಏಪ್ರಿಲ್ ಬಿಸಿಗೆ ಕಷ್ಟ. ಉದ್ದ ಬೆಳೆದ ಪಾಚಿಯನ್ನು ಬೆರಳಲ್ಲೇ ಕಿತ್ತು ತೆಗೀರಿ. ಉಳಿದ ಮೋಟನ್ನು ಟ್ರೋಕಸ್ ನೋಡ್ಕೊಳ್ಳುತ್ತೆ.

ಪ್ರಶ್ನೆ ಕೇಳಿದವರು, ಐದು ವಾರದ ನಂತರ

ಎಲ್ಲರಿಗೂ ಧನ್ಯವಾದ. ಟಿಡಿಎಸ್ 18 ಇತ್ತು, ಡಿಐ ಹಾಕಿಸಿದೆ. ನಾಲ್ಕು ಟ್ರೋಕಸ್, ಐದು ಸೆರಿತ್ ತಂದು ಒಂದೂವರೆ ಗಂಟೆ ಹನಿ ಬಿಟ್ಟು ಇಳಿಸಿದೆ. ಒಂಬತ್ತೂ ಬದುಕಿವೆ. ಕಂದು ಪದರ ಮುಕ್ಕಾಲು ಪಾಲು ಹೋಗಿದೆ. ಏಡಿ ಇನ್ನೂ ತಂದಿಲ್ಲ, ಮಗಳು ಈಗ ರಾತ್ರಿ ಊಟ ಆದ ಮೇಲೆ ಟಾರ್ಚ್ ಹಿಡಿದು ಸೆರಿತ್ ಎಣಿಸ್ತಾಳೆ. ಗಾಜಿನ ಪಾಚಿಯ ಮೇಲೆ ಅವು ನೆಕ್ಕಿದ ಸಾಲನ್ನು ನೋಡಿ 'ಅಪ್ಪಾ, ರಂಗೋಲಿ' ಅಂತಾಳೆ. ನಿನ್ನೆ ಅವಳೇ ಕಂಡುಹಿಡಿದದ್ದು ಇನ್ನೊಂದು: ಹಿಂದಿನ ಗಾಜಿನಲ್ಲಿ ಬಿಳಿ ದಾರ ಹಾವಿನ ಹಾಗೆ ಮಡಚಿ ಅಂಟಿಸಿದಂತಿದೆ. ರೋಗವಾ? ಕೆರೆದು ತೆಗೀಲಾ?

ಉತ್ತರ 1 (ಮೈಸೂರಿನಿಂದ)

ತೆಗೀಬೇಡಿ ಸರ್! ಅದು ಸೆರಿತ್ ಇಟ್ಟ ಮೊಟ್ಟೆ. ಹೆಚ್ಚಿನ ಮರಿಗಳು ಉಳಿಯಲಿಕ್ಕಿಲ್ಲ, ಆದ್ರೂ ಆ ಕಡೆಯ ಗಾಜನ್ನು ಒಂದೆರಡು ವಾರ ಒರೆಸದೆ ಬಿಡಿ. ಟಾರ್ಚ್ ಮಗಳ ಕೈಲೇ ಇರಲಿ.