ಬ್ಯಾರೆಲ್ ಬದಲಿಸಿದ ಮೇಲೆ ಏರ್ ರೈಫಲ್ ಕಚ್ಚಿ ನಿಲ್ಲುತ್ತಿಲ್ಲ, ಹೊಡೆತವೂ ಕುಗ್ಗಿದೆ

ಪ್ರಶ್ನೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನನ್ನದು ಬ್ಯಾರೆಲ್ ಮಡಚಿ ಸ್ಪ್ರಿಂಗ್ ಏರಿಸುವ ಬಗೆಯ, .177 ಇಂಚು (4.5 ಮಿಲಿಮೀಟರ್) ಅಳತೆಯ ಏರ್ ರೈಫಲ್. 10 ಮೀಟರ್ ಗುರಿ ಅಭ್ಯಾಸಕ್ಕಷ್ಟೇ ಬಳಸುತ್ತೇನೆ. ಹಳೆಯ ಬ್ಯಾರೆಲ್ ಒಳಗೆ ತುಕ್ಕು ಹಿಡಿದಿದ್ದರಿಂದ ಅದೇ ಮಾದರಿಯದೆಂದು ಮಾರುತ್ತಿದ್ದ ಹೊಸದನ್ನು ತರಿಸಿ, ಹಳೆಯ ಕೀಲು ಬೋಲ್ಟನ್ನೇ ಹಾಕಿ ನಾನೇ ಜೋಡಿಸಿದೆ. ಅದರಲ್ಲಿ ಗಾಳಿ ಸೋರದಂತೆ ತಡೆಯುವ ಸೀಲ್ ಇರಲಿಲ್ಲವಾದ್ದರಿಂದ ಔಷಧಿ ಹೊಡೆಯುವ ಪಂಪಿನ ಬಿಡಿಭಾಗಗಳ ಅಂಗಡಿಯಲ್ಲಿ ಸಿಕ್ಕ ಓ-ರಿಂಗ್ (ರಬ್ಬರ್ ಉಂಗುರ) ಒಂದನ್ನು ಕೂರಿಸಿದೆ.

ಅಂದಿನಿಂದ ಐದು ಸಲ ಮಡಚಿದರೆ ಎರಡು ಸಲವಾದರೂ 'ಟಕ್' ಎಂಬ ಶಬ್ದ ಬರುವುದಿಲ್ಲ, ಬ್ಯಾರೆಲ್ ಕೈಯನ್ನು ತಳ್ಳಿಕೊಂಡು ಹಿಂದಕ್ಕೆ ಬರುತ್ತದೆ. ಮೊದಲು ಪ್ಲೈವುಡ್ ಹಲಗೆಯೊಳಗೆ ಇಳಿಯುತ್ತಿದ್ದ ಪೆಲೆಟ್ (ಸೀಸದ ಸಣ್ಣ ಗುಂಡು) ಈಗ ಅದಕ್ಕೆ ಬಡಿದು ಕೆಳಗೆ ಬೀಳುತ್ತದೆ. ಒಂದು ರೂಪಾಯಿ ನಾಣ್ಯದಲ್ಲಿ ಮುಚ್ಚಿಹೋಗುತ್ತಿದ್ದ ಐದು ತೂತುಗಳನ್ನು ಈಗ ಅಂಗೈಯಿಂದ ಮುಚ್ಚಬೇಕು. ಇಲ್ಲಿನ ರಿಪೇರಿಯವರೊಬ್ಬರು ಸ್ಪ್ರಿಂಗ್ ದಣಿದಿದೆ ಎಂದೂ, ಟ್ರಿಗರ್‌ನ ಕಚ್ಚನ್ನು (ಏರಿಸಿದ ಸ್ಪ್ರಿಂಗನ್ನು ಹಿಡಿದಿಡುವ ಕೊಕ್ಕೆ) ಸ್ವಲ್ಪ ಅರದಲ್ಲಿ ಉಜ್ಜಿದರೆ ಹಿಡಿಯುತ್ತದೆ ಎಂದೂ ಹೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ (ಚಿತ್ರದುರ್ಗ)

ದಯವಿಟ್ಟು ಕೊಡಬೇಡಿ ಸರ್. ಆ ಕಚ್ಚಿನ ಅಂಚು ಒಮ್ಮೆ ಉರುಟಾದರೆ, ನೀವು ಪೆಲೆಟ್ ಇಡಲು ಬೆರಳು ಹಾಕಿದ ಹೊತ್ತಿನಲ್ಲಿಯೇ ಸ್ಪ್ರಿಂಗ್ ಮುಂದಿರುವ ಪಿಸ್ಟನ್ ಬಿಟ್ಟುಕೊಂಡು ಬ್ಯಾರೆಲ್ ರಪ್ಪನೆ ಮೇಲೆದ್ದು ಬೆರಳನ್ನೇ ಕತ್ತರಿಸಬಹುದು. ಇನ್ನು ಸ್ಪ್ರಿಂಗ್ ದಣಿಯುವುದು ಸಾವಿರಾರು ಹೊಡೆತಗಳಲ್ಲಿ, ನಿಧಾನವಾಗಿ. ಬ್ಯಾರೆಲ್ ಬದಲಾದ ದಿನವೇ ಅದೂ ದಣಿಯಿತೆಂದರೆ ನಂಬಲು ಕಷ್ಟ. ತೊಂದರೆ ಯಾವುದರ ಜೊತೆ ಬಂದಿತೋ ಅದನ್ನೇ ಮೊದಲು ಹಿಡಿಯೋಣ.

ಬ್ಯಾರೆಲ್ಲನ್ನು ಕೆಳಗೆ ಮಡಚಿದಾಗ ಅದಕ್ಕೆ ಸೇರಿದ ಉದ್ದನೆಯ ಕೊಂಡಿ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ, ಮತ್ತು ಕೊನೆಯ ಒಂದೆರಡು ಮಿಲಿಮೀಟರ್‌ನಲ್ಲಿ ಮಾತ್ರ ಅದು ಕಚ್ಚಿಗೆ ಸಿಕ್ಕುತ್ತದೆ. ಕೀಲಿನ ತೂತಿಗೂ ಕೊಂಡಿಯ ತೂತಿಗೂ ನಡುವಿನ ಅಂತರ ಹೊಸ ಬ್ಯಾರೆಲ್‌ನಲ್ಲಿ ಕೂದಲಷ್ಟು ಬೇರೆಯಾದರೂ, ಅಥವಾ ಕೊಂಡಿಯು ಮರದ ಹಿಡಿಯಾದ ಸ್ಟಾಕ್‌ನ ಸೀಳಿನ ತುದಿಗೆ ತಗುಲಿ ನಿಂತರೂ, ಆ ಕೊನೆಯ ಮಿಲಿಮೀಟರ್ ದಕ್ಕುವುದಿಲ್ಲ. ಎಣ್ಣೆ ದೀಪದ ಮಸಿಯನ್ನು ಬೆರಳಲ್ಲಿ ತೆಗೆದು ಸೀಳಿನ ಒಳ ತುದಿಗೆ ಬಳಿಯಿರಿ. ಪೆಲೆಟ್ ಹಾಕದೆ, ಬ್ಯಾರೆಲ್ಲನ್ನು ಒಂದು ಕ್ಷಣವೂ ಕೈಬಿಡದೆ ಒಮ್ಮೆ ಪೂರ್ತಿ ಮಡಚಿ, ಕಚ್ಚಿಕೊಂಡರೆ ಟ್ರಿಗರ್ ಒತ್ತಿ ಕೈಯಾರೆ ನಿಧಾನವಾಗಿ ವಾಪಸು ತನ್ನಿ. ಖಾಲಿ ಹೊಡೆಯಬೇಡಿ, ಎದುರಿಗೆ ಗಾಳಿಯ ಮೆತ್ತೆ ಇಲ್ಲದೆ ಪಿಸ್ಟನ್ ಗೋಡೆಗೆ ಬಡಿದಂತೆ ಬಡಿಯುತ್ತದೆ. ಕೊಂಡಿಗೆ ಮಸಿ ಹತ್ತಿದ್ದರೆ ತಪ್ಪು ಮರದ್ದು, ಕಬ್ಬಿಣದ್ದಲ್ಲ.

ಹೊಡೆತ ಕುಗ್ಗಿರುವುದಕ್ಕೆ ಬೇರೆ ಪರೀಕ್ಷೆ ಇದೆ. ಟಿಶ್ಯೂ ಕಾಗದದ ಸಣ್ಣ ಪಟ್ಟಿಯನ್ನು ಬ್ಯಾರೆಲ್ ಮುಚ್ಚುವ ಸಂದಿಯ ಮೇಲೆ ಹಗುರವಾಗಿ ಇಟ್ಟು, ಪೆಲೆಟ್ ಹಾಕಿ ಗುರಿಹಲಗೆಗೆ ಹೊಡೆಯಿರಿ. ಪಟ್ಟಿ ಹಾರಿದರೆ ಗಾಳಿ ಅಲ್ಲಿ ಸೋರುತ್ತಿದೆ. ಓ-ರಿಂಗ್ ತಾನು ಕೂರುವ ತೋಡಿನಿಂದ ಪೋಸ್ಟ್‌ಕಾರ್ಡಿನ ದಪ್ಪದಷ್ಟು ಮಾತ್ರ ಹೊರಗೆ ಕಾಣಬೇಕು. ತೆಳುವಾದರೆ ಸೋರುತ್ತದೆ, ದಪ್ಪವಾದರೆ ಅಥವಾ ಗಟ್ಟಿಯಾದರೆ ಬ್ಯಾರೆಲ್ ಪೂರ್ತಿ ಮುಚ್ಚದೆ, ಪ್ರತಿ ಸಲ ಬೇರೆ ಬೇರೆ ಕೋನದಲ್ಲಿ ನಿಲ್ಲುತ್ತದೆ. ನಿಮ್ಮ ತೂತುಗಳು ಚದುರಲು ಇದೇ ಕಾರಣವಿರಬಹುದೆಂದು ನನ್ನ ಅನುಮಾನ. ಕೋನ 1 ಡಿಗ್ರಿಯ ಹತ್ತನೇ ಒಂದು ಭಾಗ ತಪ್ಪಿದರೂ 10 ಮೀಟರ್‌ನಲ್ಲಿ ಪೆಲೆಟ್ ಸುಮಾರು 17 ಮಿಲಿಮೀಟರ್ ಸರಿಯುತ್ತದೆ, ಸ್ಪರ್ಧೆಯ ಗುರಿಹಾಳೆಯಲ್ಲಿ ಇಡೀ ಕಪ್ಪು ವೃತ್ತದ ವ್ಯಾಸವೇ 30.5 ಮಿಲಿಮೀಟರ್. ನೀವು ದುರ್ಬೀನು ಹಾಕಿದ್ದೀರಾ, ಅಥವಾ ಬ್ಯಾರೆಲ್ ಮೇಲಿನ ಗುರಿಕಣ್ಣುಗಳನ್ನೇ ಬಳಸುತ್ತೀರಾ?

ಪ್ರಶ್ನೆ ಕೇಳಿದವರು

ದುರ್ಬೀನು ಇದೆ, ರೈಫಲ್‌ನ ಮೈಮೇಲೆ ಕೂರಿಸಿದ್ದೇನೆ. ಮಸಿ ಕೊಂಡಿಯ ಕೆಳಬದಿಗೆ ಉಗುರಿನಗಲ ಹತ್ತಿದೆ. ಟಿಶ್ಯೂ ಪಟ್ಟಿ ಎರಡು ಅಡಿ ದೂರ ಹಾರಿ ಬಿತ್ತು! ಇನ್ನೊಂದನ್ನು ಮುಚ್ಚಿಡುವುದಿಲ್ಲ: ಹೊಡೆತ ಹೆಚ್ಚಲೆಂದು ಹೊಲಿಗೆ ಯಂತ್ರದ ಎಣ್ಣೆಯನ್ನು ನಾಲ್ಕು ಹನಿ ಗಾಳಿತೂತಿಗೆ ಬಿಟ್ಟಿದ್ದೆ. ಢಂ ಎಂದು ಸದ್ದಾಗಿ ಹೊಗೆ ಬಂತು.

ಉತ್ತರ (ಚಿತ್ರದುರ್ಗ)

ಆ ಎಣ್ಣೆಯೇ ಹೊತ್ತಿಕೊಂಡಿದ್ದು. ಒತ್ತಿದ ಗಾಳಿ ಎಷ್ಟು ಬಿಸಿಯಾಗುತ್ತದೆಂದರೆ ಡೀಸೆಲ್ ಎಂಜಿನ್ನಿನಂತೆ ಎಣ್ಣೆ ತಾನಾಗಿ ಉರಿಯುತ್ತದೆ, ಪಿಸ್ಟನ್ನಿನ ಸೀಲ್ ಸುಡುತ್ತದೆ. ಇನ್ನು ಮುಂದೆ ಅಲ್ಲಿಗೆ ಪೆಟ್ರೋಲಿಯಂ ಎಣ್ಣೆ ಬೇಡ.

ದುರ್ಬೀನು ಮೈಮೇಲಿದ್ದರೆ ಬ್ಯಾರೆಲ್ ಎತ್ತ ವಾಲಿದೆಯೆಂಬುದು ಅದಕ್ಕೆ ತಿಳಿಯುವುದೇ ಇಲ್ಲ. ಗುರಿಕಣ್ಣುಗಳೆರಡೂ ಬ್ಯಾರೆಲ್ ಮೇಲೆಯೇ ಇದ್ದಿದ್ದರೆ ಅವೂ ಜೊತೆಗೇ ವಾಲಿ ದೋಷ ಬಹುಪಾಲು ಮರೆಯಾಗುತ್ತಿತ್ತು. ಸ್ಟಾಕನ್ನು ಬಿಚ್ಚಿ ಸೀಳಿನ ತುದಿಯ ಮರವನ್ನು ಸ್ವಲ್ಪ ಸ್ವಲ್ಪವೇ ಅರದಲ್ಲಿ ತೆಗೆಯಿರಿ, ಪ್ರತಿ ಸಲವೂ ಮಸಿ ಹಚ್ಚಿ ನೋಡಿ. ಓ-ರಿಂಗ್ ತೋಡಿನ ಅಗಲ, ಆಳ, ಒಳವ್ಯಾಸ ಮೂರನ್ನೂ ವರ್ನಿಯರ್‌ನಲ್ಲಿ ಅಳೆದುಕೊಂಡು ಹೋಗಿ ಮೆತ್ತನೆಯ ರಿಂಗ್ ಕೇಳಿ. ಹರಿಹರದ ಹಳೆಯ ಲೇತ್ ಕೆಲಸಗಾರರಲ್ಲಿ ಯಾರಾದರೂ ಪರಿಚಯವಿದ್ದರೆ ಅಳೆಯುವ ಕೆಲಸವನ್ನು ಅವರಿಗೇ ಬಿಡಿ. ಕೀಲು ಬೋಲ್ಟ್ ಎಷ್ಟು ಬಿಗಿಯಿರಬೇಕೆಂದರೆ, ಕಚ್ಚಿಕೊಂಡ ಮೇಲೆ ಮಡಚಿದ ಬ್ಯಾರೆಲ್ ಬಿಟ್ಟ ಜಾಗದಲ್ಲಿಯೇ ನಿಲ್ಲಬೇಕು, ತನ್ನ ಭಾರಕ್ಕೆ ಬೀಳಬಾರದು.

ಪ್ರಶ್ನೆ ಕೇಳಿದವರು (ಒಂಬತ್ತು ದಿನಗಳ ನಂತರ)

ಸುಮಾರು ಎರಡು ಮಿಲಿಮೀಟರ್ ಮರ ತೆಗೆದ ಮೇಲೆ ಸತತವಾಗಿ ಮೂವತ್ತು ಸಲ 'ಟಕ್' ಎಂದಿತು. ಹಳೆಯ ರಿಂಗ್ ಅಳೆದಾಗ ತೋಡಿಗಿಂತ ಅರ್ಧ ಮಿಲಿಮೀಟರ್ ಹೆಚ್ಚಿತ್ತು ಮತ್ತು ಒಂದು ಬದಿ ಹರಿದಿತ್ತು. ಹೊಸದು ಹಾಕಿದ ಮೇಲೆ ಟಿಶ್ಯೂ ಅಲುಗಲಿಲ್ಲ, ಪೆಲೆಟ್ ಮತ್ತೆ ಹಲಗೆಯೊಳಗೆ ಇಳಿಯುತ್ತಿದೆ. ಐದು ತೂತುಗಳು ಎರಡು ನಾಣ್ಯದಗಲಕ್ಕೆ ಬಂದಿವೆ, ಒಂದಕ್ಕೆ ಇನ್ನೂ ಬಂದಿಲ್ಲ.

ಉತ್ತರ (ಚಿತ್ರದುರ್ಗ)

ಒಂದು ಪೆಲೆಟ್ಟನ್ನು ಹೆಬ್ಬೆರಳಲ್ಲಿ ಬ್ಯಾರೆಲ್ಲಿಗೆ ತಳ್ಳಿ, ಮುಂದಿನ ಬದಿಯಿಂದ ಕಡ್ಡಿಯಲ್ಲಿ ಹೊರದೂಡಿ ಬೆಳಕಿಗೆ ಹಿಡಿದು ನೋಡಿ. ಅದರ ಲಂಗದ (ಹಿಂಬದಿಯ ಅಗಲವಾದ ಭಾಗದ) ಅಂಚಿನಲ್ಲಿ ಸೀಸ ಸಿಪ್ಪೆಯಂತೆ ಎದ್ದಿದ್ದರೆ ಹೊಸ ಬ್ಯಾರೆಲ್ಲಿನ ಬಾಯಂಚು ಹರಿತವಾಗಿದೆ ಎಂದರ್ಥ. ಹಾಗಿಲ್ಲದಿದ್ದರೆ ತಲೆಯ ಅಳತೆ 4.50, 4.51, 4.52 ಮಿಲಿಮೀಟರ್ ಎಂದಿರುವ ಪೆಲೆಟ್‌ಗಳನ್ನು ತಲಾ ಹತ್ತು ಹೊಡೆದು, ಹಾಳೆಗಳ ಫೋಟೋ ಇಲ್ಲಿ ಹಾಕಿ.