ಮ್ಯಾಪಿನಲ್ಲಿ ಬೆಂಗಳೂರು, ಮೈಸೂರು ಎರಡೂ ಮದ್ದೂರಿನ ಹತ್ತಿರ ಬೀಳುತ್ತಿವೆ!

ಪ್ರಶ್ನೆ (ಶಿರಸಿಯಿಂದ)

ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯರೇ, ಸ್ವಲ್ಪ ಸಹಾಯ ಬೇಕು. ತೋಟದ ಎರಡು ಅಡಿಕೆ ಮರಗಳ ನಡುವೆ 20 ಮೀಟರ್ ಉದ್ದದ ತಂತಿ ಡೈಪೋಲ್ ಆಂಟೆನಾ ಕಟ್ಟಿದ್ದೇನೆ. ದಿನಾ ಬೆಳಿಗ್ಗೆ 40 ಮೀಟರ್ ತರಂಗಾಂತರದ ಬ್ಯಾಂಡಿನಲ್ಲಿ ಮಾತಾಡುತ್ತೇನೆ. ಈ ಒಂದು ತಂತಿಯಿಂದ ಎಲ್ಲೆಲ್ಲಿಗೆ ಮಾತು ಹೋಗಿದೆ ಅಂತ ಮುಂದಿನ ವಾರ ನಮ್ಮೂರ ಹೈಸ್ಕೂಲಿನ ಮಕ್ಕಳಿಗೆ ತೋರಿಸಬೇಕು. ಅದಕ್ಕೆ ಲಾಗನ್ನು (ಯಾರ ಜೊತೆ ಮಾತಾಡಿದೆ ಅನ್ನೋ ದಾಖಲೆ) ಎಡಿಐಎಫ್ ಅನ್ನೋ ಹ್ಯಾಮ್ ಲಾಗ್ ಫೈಲ್ ಮಾಡಿ ಮ್ಯಾಪ್ ಪ್ರೋಗ್ರಾಮಿಗೆ ಹಾಕಿದೆ.

ಆದರೆ ಬೆಂಗಳೂರಿನವರೂ ಮೈಸೂರಿನವರೂ ಮದ್ದೂರಿನ ಹತ್ತಿರ ಒಂದೇ ಚುಕ್ಕೆಯಲ್ಲಿ ಕೂತಿದ್ದಾರೆ. ಮಂಗಳೂರಿನ ಗೆಳೆಯರು ಕಾಸರಗೋಡಿಗೆ ಹೋಗಿದ್ದಾರೆ. ಇನ್ನು 11 ಜನ ಮಧ್ಯಪ್ರದೇಶದಲ್ಲಿ! ನೋಟ್‌ಪ್ಯಾಡಿನಲ್ಲಿ ಫೈಲ್ ತೆರೆದು, ಬೆಂಗಳೂರಿನ ಗ್ರಿಡ್ (ಭೂಮಿಯನ್ನು ಚೌಕಗಳಾಗಿ ಹಂಚಿ ಜಾಗ ತಿಳಿಸುವ ಸಂಕೇತ) ಎಂಕೆ82 ಮುಂದೆ ಟಿಎಕ್ಸ್ ಸೇರಿಸಿ ನೋಡಿದೆ. ಚುಕ್ಕೆ ಕದಲಲಿಲ್ಲ. ರಾತ್ರಿ ಒಂದು ಗಂಟೆವರೆಗೂ ಕೂತಿದ್ದೆ.

ಉತ್ತರ 1 (ಮೈಸೂರಿನಿಂದ)

ಮ್ಯಾಪ್ ತಪ್ಪು ಹೇಳುತ್ತಿಲ್ಲ. ನಾಲ್ಕೇ ಅಕ್ಷರದ ಗ್ರಿಡ್ ಅಂದರೆ ಉದ್ದಕ್ಕೆ 2 ಡಿಗ್ರಿ ರೇಖಾಂಶ, ಎತ್ತರಕ್ಕೆ 1 ಡಿಗ್ರಿ ಅಕ್ಷಾಂಶ. ನಮ್ಮ ಕಡೆ ಸುಮಾರು 216 ಕಿ.ಮೀ. ಅಗಲ, 111 ಕಿ.ಮೀ. ಎತ್ತರದ ಚೌಕ. ನೀವೂ ನಾವೂ ಬೇರೆ ಚೌಕ, ಆದರೆ ಮೈಸೂರು, ಬೆಂಗಳೂರು ಎರಡೂ ಎಂಕೆ82. ಊರು ಗೊತ್ತಿಲ್ಲದ ಪ್ರೋಗ್ರಾಂ ಚುಕ್ಕೆಯನ್ನು ಚೌಕದ ನಡುವೆ ಇಡುತ್ತದೆ. ಆ ನಡು ಮದ್ದೂರಿನ ಪಕ್ಕವೇ ಬರುತ್ತದೆ. ಗ್ರಿಡ್ಡೇ ಇಲ್ಲದವರನ್ನು ಕಾಲ್‌ಸೈನ್ (ಹ್ಯಾಮ್‌ಗಳ ರೇಡಿಯೋ ಗುರುತು) ನೋಡಿ ದೇಶದ ಮಧ್ಯಕ್ಕೆ ಹಾಕುತ್ತದೆ. ಆ 11 ಜನ ಅವರೇ.

ಟಿಎಕ್ಸ್ ಸೇರಿಸಿದರೂ ಕದಲದ್ದಕ್ಕೆ ಕಾರಣ ಟ್ಯಾಗಿನಲ್ಲಿದೆ. ಗ್ರಿಡ್‌ಸ್ಕ್ವೇರ್ ಪಕ್ಕ ಕೋಲನ್, ಆಮೇಲೆ 4 ಅಂತ ಇದೆಯಲ್ವಾ? ಅದು ಎಷ್ಟು ಅಕ್ಷರ ಓದಬೇಕು ಅನ್ನೋ ಲೆಕ್ಕ. ನೀವು ಆರು ಬರೆದರೂ ಅದು ನಾಲ್ಕೇ ಓದಿ ನಿಲ್ಲಿಸುತ್ತದೆ. 4 ತೆಗೆದು 6 ಮಾಡಿ. ಆಗ ಚೌಕ ಸುಮಾರು 9 ಕಿ.ಮೀ. ಅಗಲಕ್ಕೆ ಇಳಿಯುತ್ತದೆ. ಮೈಸೂರಿಗೆ ಎಂಕೆ82ಎಚ್‌ಎಚ್ ಹಾಕಿ.

ಉತ್ತರ 2

ಮಕ್ಕಳಿಗೆ ತೋರಿಸೋದಾದರೆ ಇನ್ನೊಂದು ಮಾಡಿ. ದೂರದ ದೇಶದ ಸಂಪರ್ಕಗಳಿಗೆ ಗೋಡೆಯ ಮ್ಯಾಪಿನ ಮೇಲೆ ಸುಮ್ನೆ ನೇರ ಗೆರೆ ಎಳೆಯಬೇಡಿ. ಶಿರಸಿಯನ್ನೇ ನಡುವೆ ಇಟ್ಟು ಅಝಿಮುತಲ್ ಇಕ್ವಿಡಿಸ್ಟೆಂಟ್ ಮ್ಯಾಪ್ ಮಾಡಿ, ಕ್ಯೂಜಿಐಎಸ್ ಅನ್ನೋ ಮ್ಯಾಪ್ ಪ್ರೋಗ್ರಾಮಿನಲ್ಲಿ ಆಗುತ್ತದೆ. ಅದರಲ್ಲಿ ನಡುವಿನಿಂದ ಹೊರಟ ನೇರ ಗೆರೆಯೇ ನಿಜವಾದ ಹತ್ತಿರದ ದಾರಿ. ನಿಮ್ಮಿಂದ ನ್ಯೂಯಾರ್ಕಿಗೆ ಪಶ್ಚಿಮ ಅಲ್ಲ, ಸುಮಾರು 334 ಡಿಗ್ರಿ, ಅಂದರೆ ಉತ್ತರದಿಂದ ಸ್ವಲ್ಪ ಎಡಕ್ಕೆ. ಮಕ್ಕಳು ಗ್ಲೋಬ್ ಮೇಲೆ ದಾರ ಹಿಡಿದು ಪರೀಕ್ಷೆ ಮಾಡಲಿ.

ಪ್ರಶ್ನೆ ಕೇಳಿದವರು

ಆಯ್ತು! 6 ಅಂತ ಬದಲಾಯಿಸಿದ ಕೂಡಲೇ ಮೈಸೂರು ಮೈಸೂರಿಗೆ ಹೋಯಿತು. ಮಂಗಳೂರಿಗೂ ಎಂಕೆ72ಕೆವಿ ಬರೆದೆ, ಗೆಳೆಯರು ಕಡಲ ದಂಡೆಗೆ ಬಂದರು. ತುಂಬಾ ಖುಷಿಯಾಯಿತು. ಗ್ಲೋಬ್ ಶಾಲೆಯಲ್ಲೇ ಇದೆ, ದಾರ ನಾನು ತರುತ್ತೇನೆ. ನಾಳೆ ಬೆಳಿಗ್ಗೆ ಬ್ಯಾಂಡಿಗೆ ಬಂದಾಗ ಆ 11 ಜನರಲ್ಲಿ ಯಾರು ಸಿಕ್ಕರೂ ಮೊದಲು ಊರು ಕೇಳಿ ಬರೆದುಕೊಳ್ಳಬೇಕು.